ಹಿಂದಿನ ಸೀಟು ಖಾಲಿ ಇರಲಿಲ್ಲ

“ಮುಟ್ಬೇಡಿ!”

ಆ ದನಿಗೆ ಅವಳ ಕೈ ಗಾಳಿಯಲ್ಲೇ ನಿಂತಿತು. ಹ್ಯಾಂಡಲ್ಲಿಗೂ ಅವಳ ಬೆರಳಿಗೂ ನಡುವೆ ಒಂದೇ ಒಂದು ಅಂಗುಲ...

ತಿರುಗಿ ನೋಡಿದಳು. ಶೆಡ್ಡಿನ ಬಾಗಿಲಲ್ಲಿ ಅವನು ನಿಂತಿದ್ದ. ಐವತ್ತು ದಾಟಿದ ವಯಸ್ಸು, ಕಿವಿಯ ಪಕ್ಕದಲ್ಲಿ ಬಿಳಿ ಕೂದಲು, ಕೈಯಲ್ಲಿ ಎಣ್ಣೆ ಬಟ್ಟೆ. ಎಡಗಾಲನ್ನು ಬಗ್ಗಿಸದೆ, ಕೋಲಿನಂತೆ ನೇರವಾಗಿ ಎಳೆಯುತ್ತ ಹತ್ತಿರ ಬಂದ.

“ಮಾರಾಟಕ್ಕಿದೆ ಅಂತ ನೀವೇ ಗೇಟಿಗೆ ಬೋರ್ಡ್ ನೇತು ಹಾಕಿದೀರಲ್ಲ ಸಾರ್? ಮುಟ್ಟದೆ ಕೊಂಡ್ಕೊಳ್ಳೋಕೆ ಇದೇನು ಚಂದ್ರನಾ?”

ಅವನು ತಡವರಿಸಿದ. “ಅದಲ್ಲ... ಸೈಲೆನ್ಸರ್ ಬಿಸಿ ಇದೆ. ಸುಟ್ಕೊಂಡೀರಿ ಅಂತ.”

ಅವಳ ಕೈ ಇದ್ದದ್ದು ಹ್ಯಾಂಡಲ್ ಹತ್ತಿರ. ಸೈಲೆನ್ಸರ್ ಇದ್ದದ್ದು ಕೆಳಗೆ, ಅತ್ತ ಬದಿಗೆ. ಸುಳ್ಳೆಂದು ಇಬ್ಬರಿಗೂ ತಿಳಿಯಿತು. ಆದರೂ ಅವಳು ಸುಮ್ಮನಾದಳು. ಏಕೆಂದರೆ ಆ ಕಣ್ಣುಗಳು... ಎದೆಗವಚಿಕೊಂಡ ಮಗುವನ್ನು ಯಾರೋ ಕಿತ್ತುಕೊಳ್ಳಲು ಬಂದರೇನೋ ಎಂಬಂತೆ ನೋಡುತ್ತಿದ್ದವು.

ಅವಳಿಗೆ ನಲವತ್ತೇಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಇಪ್ಪತ್ತು ವರ್ಷಗಳಿಂದ ಎಲ್ಲರಿಗೂ ‘ಎಕ್ಸ್‌ರೇ ಮೇಡಂ’. ಗಂಡ ತೀರಿ ಹೋಗಿ ಎಂಟು ವರ್ಷ, ವಕೀಲಿ ಓದುವ ಮಗಳೊಬ್ಬಳು. ಹದಿನೇಳರ ವಯಸ್ಸಿನಲ್ಲಿ ಸೋದರಮಾವ ತನ್ನ ಮೋಟಾರ್ ಸೈಕಲ್ಲನ್ನು ಮೈದಾನದಲ್ಲಿ ಒಂದೇ ಒಂದು ಸುತ್ತು ಓಡಿಸಲು ಬಿಟ್ಟಿದ್ದರು. ಆ ಒಂದು ಸುತ್ತು ಮೂವತ್ತು ವರ್ಷ ಅವಳ ಮೈಯಲ್ಲೇ ಸುತ್ತುತ್ತಿತ್ತು. ಕಳೆದ ವರ್ಷ ಹುಡುಗರ ಸಾಲಿನಲ್ಲಿ ನಿಂತು ಲೈಸೆನ್ಸ್ ಪಡೆದಿದ್ದಳು. ಈಗ ಅವಳೆದುರು ಕಪ್ಪು ಬಣ್ಣದ, ಹೊಟ್ಟೆ ಉಬ್ಬಿದ ಟ್ಯಾಂಕಿನ, ದುಂಡು ದೀಪದ ಆ ಗಾಡಿ ನಿಂತಿತ್ತು!

ಗೋಡೆಯ ಮೇಲೆ ಒಂದು ಹಳೆಯ ಫೋಟೋ. ಇದೇ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದ ಹೆಂಗಸು.

‘ಹೆಂಡತಿ ಇರಬೇಕು...’ ಎಂದುಕೊಂಡಳು. ಯಾಕೋ ಮನಸ್ಸಿಗೆ ಸಣ್ಣಗೆ ಮುಳ್ಳು ತಾಗಿದಂತಾಯಿತು.

“ಎಷ್ಟು ಓಡಿದೆ?”

“ಎಂಟು ತಿಂಗಳು. ಆಮೇಲೆ ಇಪ್ಪತ್ತೆರಡು ವರ್ಷ ನಿಂತೇ ಇದೆ.” ಅವನು ಟ್ಯಾಂಕನ್ನು ಒರೆಸಿದ. ಅಲ್ಲಿ ಧೂಳೇ ಇರಲಿಲ್ಲ. “ಎಲ್ಲಿಗೆ ಹೋಗ್ತೀರಿ ಇದರಲ್ಲಿ?”

“ಎಲ್ಲಿಗಾದ್ರೂ!”

ಆ ಮಾತು ಕೇಳಿ ಅವನು ಮೊಳೆಯಿಂದ ಕೀಲಿ ತೆಗೆದ. ಕೀಲಿ ಕೊಡುವಾಗ ಅವನ ಬೆರಳು ಅವಳ ಅಂಗೈಯಲ್ಲಿ ಒಂದು ಕ್ಷಣ ಹೆಚ್ಚೇ ಉಳಿಯಿತು. ಅವಳು ಗಾಡಿ ತಿರುಗಿಸಿ ಗೇಟು ದಾಟುವಾಗ ಕನ್ನಡಿಯಲ್ಲಿ ನೋಡಿದಳು. ಅವನು ಅಲ್ಲೇ ನಿಂತಿದ್ದ, ಬಾಯಿ ತುಸು ತೆರೆದು, ಉಸಿರು ಮರೆತವನ ಹಾಗೆ.

* * *

ಮೊದಲ ದಿನ ಅವಳು ಅತ್ತಳು. ದುಃಖಕ್ಕಲ್ಲ. ಜಲಾಶಯದ ದಂಡೆಯ ಮೇಲಿನ ನೇರ ರಸ್ತೆಯಲ್ಲಿ, ಹೆಲ್ಮೆಟ್ಟಿನೊಳಗೆ, ಹದಿನೇಳರ ಹುಡುಗಿಯ ಹಾಗೆ ಕಿರುಚುತ್ತ, ನಗುತ್ತ ಅತ್ತಳು.

ಎರಡನೆಯ ದಿನ, ಅದೇ ರಸ್ತೆಯಲ್ಲಿ, ಹಿಂದಿನ ಸೀಟು ಮೆತ್ತಗೆ ಕುಗ್ಗಿತು.

ಯಾರೋ ಹತ್ತಿ ಕೂತ ಹಾಗೆ.

ಕನ್ನಡಿ ನೋಡಿದಳು. ಖಾಲಿ ರಸ್ತೆ, ಖಾಲಿ ಸೀಟು. ‘ಟಯರಿನಲ್ಲಿ ಗಾಳಿ ಇಳಿದಿರಬೇಕು’ ಎಂದು ನಿಲ್ಲಿಸಿ ಒತ್ತಿ ನೋಡಿದಳು. ಟಯರು ಕಲ್ಲಿನಂತಿತ್ತು. ಆದರೆ ಬೆಳಿಗ್ಗೆ ತಾನೇ ಮಡಚಿದ್ದ ಹಿಂದಿನ ಫುಟ್‌ರೆಸ್ಟುಗಳು... ಎರಡೂ ಬಿಚ್ಚಿಕೊಂಡಿದ್ದವು. ಸೀಟಿಗೆ ಅಂಗೈ ಇಟ್ಟಳು. ಬೆಚ್ಚಗಿತ್ತು!

ಮೂರನೆಯ ದಿನ ಆಸ್ಪತ್ರೆಯ ಗೇಟಿನ ವಾಚ್‌ಮನ್ ಸಲಾಮು ಹೊಡೆದು ಕೇಳಿದ. “ಹಿಂದೆ ಕೂತಿದ್ದ ಸಾಹೇಬ್ರನ್ನ ಎಲ್ಲಿ ಇಳಿಸಿದ್ರಿ ಮೇಡಂ? ತಿರುವಿನವರೆಗೂ ಇದ್ರಲ್ಲ?”

“ಯಾರೂ ಇರ್ಲಿಲ್ಲಪ್ಪ...”

“ಹಂಗಾ? ಕನ್ನಡಕ ಬದಲಾಯಿಸ್ಬೇಕು ನಾನು,” ಎಂದು ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಂದೇ ಗಾಡಿ ವಾಪಸು ಕೊಟ್ಟುಬಿಡುತ್ತಿದ್ದರು. ಅವಳು ಕೊಡಲಿಲ್ಲ. ಮೂವತ್ತು ವರ್ಷ ಕಾದು ಕೈಗೆ ಬಂದದ್ದನ್ನು ಕೊಡುವುದಾದರೂ ಹೇಗೆ? ಅಲ್ಲದೆ ಹಿಂದಿದ್ದದ್ದು ಕೆಡುಕು ಮಾಡುತ್ತಿರಲಿಲ್ಲ. ತಿರುವಿನಲ್ಲಿ ಅವಳು ವಾಲಿದಷ್ಟೇ ಅದೂ ವಾಲುತ್ತಿತ್ತು. ಬ್ರೇಕ್ ಹಿಡಿದರೆ ಮುಂದಕ್ಕೆ ಬಂದು, ಮುಟ್ಟಿತೋ ಇಲ್ಲವೋ ಎನ್ನುವಷ್ಟರಲ್ಲಿ ಹಿಂದೆ ಸರಿಯುತ್ತಿತ್ತು. ಎಷ್ಟು ಮರ್ಯಾದೆ!

ಫೋಟೋದ ಹೆಂಗಸು... ಅವಳೇ! ಇದೇ ಗಾಡಿಯಲ್ಲಿ ಸತ್ತಿರಬೇಕು. ವಾಚ್‌ಮನ್ ‘ಸಾಹೇಬ್ರು’ ಎಂದಿದ್ದನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಅವನ ಕನ್ನಡಕ ನಿಜಕ್ಕೂ ಹಳೆಯದಿತ್ತು.

ಒಂದು ವಾರದಲ್ಲಿ ಅವಳು ಹಿಂದಿನವಳೊಡನೆ ಮಾತಿಗೇ ಇಳಿದಳು.

“ನನ್ನ ಗಂಡ ಕೆಟ್ಟವನಲ್ಲ ಕಣೆ. ಆದ್ರೆ ಗಾಡಿ ಕೇಳಿದಾಗಲೆಲ್ಲ ‘ಮುಂದಿನ ವರ್ಷ ನೋಡೋಣ’ ಅಂತಿದ್ದ. ಅವನು ಹೋದ ದಿನ ನಂಗೆ ಮೊದಲು ಬಂದಿದ್ದು ಅಳು ಅಲ್ಲ, ಸಿಟ್ಟು. ಯಾರಿಗೂ ಹೇಳಿಲ್ಲ ಇದನ್ನ...”

ಕೇಳಿಸಿಕೊಳ್ಳುವಂತೆ ಹಿಂದಿನ ಭಾರ ತುಸು ಮುಂದಕ್ಕೆ ಬಾಗಿತು.

ಇನ್ನೊಂದು ದಿನ, ಮುಖ ಕೆಂಪಾಗಿಸಿಕೊಂಡು, “ತಪ್ಪು ತಿಳ್ಕೋಬೇಡ... ನಿನ್ನ ಗಂಡನ ಕಣ್ಣು ಇದಾವಲ್ಲ, ಕೆಲಸದ ಮಧ್ಯೆ ಸುಮ್ ಸುಮ್ನೆ ನೆನಪಾಗ್ತವೆ. ಈ ವಯಸ್ಸಲ್ಲಿ ಇದೆಲ್ಲ ಬೇಕಾ ನಂಗೆ?” ಎಂದಳು.

ಆಗ ಗಾಡಿ ಒಮ್ಮೆ ನಡುಗಿತು. ರಸ್ತೆಯಲ್ಲಿ ಗುಂಡಿ ಇರಲಿಲ್ಲ.

* * *

ಎರಡು ತಿಂಗಳಾದ ಮೇಲೆ ಒಂದು ಭಾನುವಾರದ ಬೆಳಿಗ್ಗೆ ಮಗಳು ಹಟ ಹಿಡಿದಳು. “ಅಮ್ಮಾ, ನನ್ನನ್ನೂ ಒಂದು ರೌಂಡ್ ಕರ್ಕೊಂಡು ಹೋಗು!”

ಕಾಲೆತ್ತಿ ಹಿಂದೆ ಕೂತವಳು ಮರುಕ್ಷಣವೇ ಕೆಳಕ್ಕೆ ಹಾರಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಏನಾಯ್ತೇ?”

“ಜಾಗ ಇಲ್ಲಮ್ಮ...”

“ಏನು?”

“ಅಲ್ಲಿ... ಜಾಗ ಇಲ್ಲ. ಯಾರದೋ ತೊಡೆ ಮೇಲೆ ಕೂತ ಹಾಗಾಯ್ತು.”

ಅಂದು ಮಗಳು ಇಡೀ ದಿನ ಕೋರ್ಟಿನಲ್ಲಿ ನಿಂತವಳಂತೆ ವಾದ ಮಾಡಿದಳು. ಸಾವಾದ ಗಾಡಿಯನ್ನು ಮುಚ್ಚಿಟ್ಟು ಮಾರುವುದು ಮೋಸ, ಹೋಗಿ ಕೇಳಲೇಬೇಕು ಎಂದು. ಮರುದಿನ ತಾಯಿ ಗಾಡಿ ಮಾರಿದವನ ಬಳಿಗೆ ಹೋದಳು.

ಅವನದು ತಕ್ಕಡಿ ರಿಪೇರಿಯ ಅಂಗಡಿ. ಊರಿನ ಅಂಗಡಿಗಳ ತಕ್ಕಡಿಗಳೆಲ್ಲ ತಪ್ಪು ತೋರಿಸಲು ಶುರುಮಾಡಿದಾಗ ಅವನ ಬಳಿಗೆ ಬರುತ್ತಿದ್ದವು. ಜನ ‘ತಕ್ಕಡಿ ಮೇಷ್ಟ್ರು’ ಎನ್ನುತ್ತಿದ್ದರು. ಒಳಗೆ ಹೆಜ್ಜೆ ಇಟ್ಟವಳು ಬಾಗಿಲಲ್ಲೇ ನಿಂತುಬಿಟ್ಟಳು. ಇವನೇನಾ? ಷರ್ಟು ಹ್ಯಾಂಗರಿಗೆ ಹಾಕಿದಂತೆ ಭುಜದಿಂದ ಜೋತುಬಿದ್ದಿತ್ತು. ಕೆನ್ನೆ ಒಳಗೆ ಹೋಗಿತ್ತು.

ಅವಳನ್ನು ಕಂಡೊಡನೆ ಅವನ ಮುಖ ಅರಳಿತು. ಅದನ್ನು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

“ನಿಮ್ಮ ಹೆಂಡ್ತಿ ಸತ್ತಿದ್ದು ಆ ಗಾಡಿಯಲ್ಲೇ ಅಲ್ವಾ? ಯಾಕೆ ಮುಚ್ಚಿಟ್ರಿ?”

“ನನ್ನ ಹೆಂಡ್ತೀನಾ? ನಂಗೆ ಮದುವೇನೇ ಆಗಿಲ್ಲ ಮೇಡಂ.”

“ಹಾಗಾದ್ರೆ ಯಾರು ಸತ್ತಿದ್ದು?”

“ಯಾರೂ ಸತ್ತಿಲ್ಲ.”

“ದಿನಾ ನನ್ನ ಹಿಂದೆ ಯಾರೋ ಕೂರ್ತಾರೆ! ನನ್ನ ಮಗಳು ಹೆದರಿ ಜ್ವರ ಬಂದ ಹಾಗಾಗಿದಾಳೆ!”

ಅವನು ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ಕೆಳಗಿಟ್ಟ. ಅವಳ ಮುಖ ನೋಡದೆ, “ಬೇಡ ಅನ್ಸಿದ್ರೆ ವಾಪಸ್ ತಂದು ಬಿಡಿ...” ಎಂದ.

“ಸುಳ್ಳುಗಾರ!”

ಹೊರಗೆ ಬಂದು ಗಾಡಿ ಚಾಲೂ ಮಾಡಿದಳು. ಕಣ್ಣು ತುಂಬಿ ರಸ್ತೆ ಕಾಣಲಿಲ್ಲ. ತಿರುಗಿ ನೋಡಿದ್ದರೆ ಒಂದು ವಿಚಿತ್ರ ಅವಳಿಗೆ ಕಾಣುತ್ತಿತ್ತು. ಅಂಗಡಿಯೊಳಗೆ ಅವನು ಸ್ಟೂಲಿನ ಮೇಲೆ ಗೊಂಬೆಯಂತೆ ಕೂತಿದ್ದ, ರೆಪ್ಪೆ ಕೂಡ ಮಿಟುಕಿಸದೆ.

* * *

ನಾಲ್ಕು ದಿನದ ನಂತರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಎಕ್ಸ್‌ರೇ ಕೋಣೆಯ ಬಾಗಿಲು ತೆರೆಯಿತು. ಚೀಟಿ ಹಿಡಿದು ಒಳಗೆ ಬಂದ ಹೆಂಗಸನ್ನು ನೋಡಿ ಅವಳ ಕೈಯಿಂದ ಪೆನ್ನು ಬಿತ್ತು.

ಫೋಟೋದ ಹೆಂಗಸು!

ಕೂದಲು ಬೆಳ್ಳಗಾಗಿತ್ತು, ಸೊಂಟ ದಪ್ಪವಾಗಿತ್ತು. ಆದರೆ ಅದೇ ಮುಖ. ಕೊಡೆಯನ್ನು ಮೂಲೆಗೆ ಒರಗಿಸಿ, ಏದುಸಿರು ಬಿಡುತ್ತ, ಹೊರಗೆ ಕೂಗಿದಳು. “ಬಾರೋ ಒಳಗೆ! ಆನೆ ಹಂಗಿದ್ದೋನು ಕಡ್ಡಿ ಹಂಗಾಗಿದಾನೆ. ಡಾಕ್ಟ್ರು ಎದೆ ಫೋಟೋ ತೆಗೆಸಿ ಅಂದ್ರಮ್ಮ.”

ಕಾಲೆಳೆಯುತ್ತ ಅವನು ಬಂದ.

“ನೀವು... ಇವರ...” ಎಂದು ಅವಳು ಆ ಹೆಂಗಸಿನತ್ತ ತಿರುಗಿದಳು.

“ಅಕ್ಕ. ಒಡಹುಟ್ಟಿದ ಅಕ್ಕ. ಬೇರೆ ಯಾರು ಸಹಿಸ್ಕೋತಾರೆ ಇವನನ್ನ!”

ಹಾಗಾದರೆ ಅವನು ಹೇಳಿದ್ದು ನಿಜ. ಯಾರೂ ಸತ್ತಿರಲಿಲ್ಲ. ಯಾರೂ ಸಾಯದಿದ್ದರೆ ಹಿಂದೆ ಕೂರುತ್ತಿದ್ದದ್ದು ಯಾರು?

ಅಕ್ಕನನ್ನು ಹೊರಗೆ ಕಳಿಸಿ, ಅವನನ್ನು ಹಲಗೆಗೆ ಎದೆಯೊತ್ತಿ ನಿಲ್ಲಿಸಿದಳು. ಗಾಜಿನ ಹಿಂದೆ ಹೋಗಿ, ದಿನಕ್ಕೆ ನೂರು ಸಲ ಹೇಳುವ ಮಾತನ್ನೇ ಹೇಳಿದಳು. “ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ...”

ಅದೇ ಹೊತ್ತಿಗೆ ಹೊರಗೆ ತನ್ನ ಗಾಡಿಯ ಸದ್ದು ಕೇಳಿಸಿತು. ಬಿಸಿಲು ಬಂದರೆ ನೆರಳಿಗೆ ಹಾಕು ಎಂದು ವಾಚ್‌ಮನ್ನಿಗೆ ಅವಳೇ ಕೀಲಿ ಕೊಟ್ಟಿದ್ದಳು.

ಗುಂಡಿ ಒತ್ತಿದಳು. ಪರದೆಯ ಮೇಲೆ ಚಿತ್ರ ಮೂಡಿತು.

ಅವಳು ಕಣ್ಣುಜ್ಜಿಕೊಂಡಳು. ಪಕ್ಕೆಲುಬುಗಳು ಇರಬೇಕಾದಲ್ಲಿ ಗಾಜಿನ ಮೇಲೆ ಬಿಟ್ಟ ಉಸಿರಿನಂಥ ಮಸುಕು ಗೆರೆಗಳು. ಹೃದಯ ಇರಬೇಕಾದಲ್ಲಿ ಒಂದು ಬೂದು ಕಲೆ. ಉಳಿದದ್ದೆಲ್ಲ ಕಪ್ಪು. ಅಲ್ಲಿ ಮನುಷ್ಯನೇ ನಿಂತಿಲ್ಲ ಎಂಬಂತೆ!

ಓಡಿ ಹೋಗಿ ಅವನ ತೋಳು ಹಿಡಿದಳು. ತಣ್ಣಗಿತ್ತು. ಕಣ್ಣು ತೆರೆದಿದ್ದವು, ಆದರೆ ಒಳಗೆ ಯಾರೂ ಇರಲಿಲ್ಲ.

“ಮೇಷ್ಟ್ರೇ! ಮೇಷ್ಟ್ರೇ!”

ಹೊರಗೆ ಎಂಜಿನ್ ಸದ್ದು ನಿಂತಿತು. ಅವನ ಮೈ ಜಗ್ಗಿದಂತೆ ಅಲುಗಿತು. ಕಣ್ಣಿಗೆ ಬೆಳಕು ಬಂತು.

“ವಾಚ್‌ಮನ್‌ಗೆ... ಕ್ಲಚ್ಚು ಮೆತ್ತಗೆ ಬಿಡೋಕೆ ಹೇಳಿ,” ಎಂದ ಪಿಸುದನಿಯಲ್ಲಿ. “ಈಗ ಮರದ ಕೆಳಗೆ ನಿಲ್ಲಿಸಿದ.”

ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. “ಅದು... ನೀವಾ? ಇಷ್ಟು ದಿನ... ನೀವಾ?”

ಅವನು ತಲೆ ತಗ್ಗಿಸಿದ. ಆಮೇಲೆ ನಿಧಾನವಾಗಿ ಎಲ್ಲ ಹೇಳಿದ. ಗಾಡಿ ಕೊಂಡ ಎಂಟನೆಯ ತಿಂಗಳಲ್ಲಿ ಲಾರಿಯೊಂದು ಉಜ್ಜಿಕೊಂಡು ಹೋದದ್ದು. ಮಂಡಿ ಪುಡಿಯಾದದ್ದು. ಅದಕ್ಕಿಂತ ಹೆಚ್ಚಾಗಿ ಧೈರ್ಯ ಪುಡಿಯಾದದ್ದು. ಆಮೇಲೆ ಪ್ರತಿ ಭಾನುವಾರ ಗಾಡಿಯನ್ನು ಸ್ಟ್ಯಾಂಡಿನಲ್ಲೇ ಚಾಲೂ ಮಾಡಿ, ಮೇಲೆ ಕೂತು, ಕಣ್ಣು ಮುಚ್ಚಿ ಮನಸ್ಸಿನಲ್ಲೇ ಊರೂರು ತಿರುಗುತ್ತಿದ್ದದ್ದು. ಇಪ್ಪತ್ತೆರಡು ವರ್ಷ.

“ನೀವು ‘ಎಲ್ಲಿಗಾದ್ರೂ’ ಅಂದ್ರಿ ನೋಡಿ... ನೀವು ಗೇಟು ದಾಟಿದ ಮೇಲೆ ನಂಗೆ ಒಳಗೆಲ್ಲ ಖಾಲಿ ಅನ್ನಿಸ್ತು. ಮಾರನೇ ದಿನ ಸ್ಟೂಲ್ ಮೇಲೆ ಕೂತೋನಿಗೆ ಮುಖಕ್ಕೆ ಗಾಳಿ ಬಡೀತು. ಕಣ್ಮುಂದೆ ಜಲಾಶಯ... ನಿಮ್ಮ ಹೆಲ್ಮೆಟ್ಟು... ಮೊದಲ ವಾರ ತಡೀಬಹುದಿತ್ತು. ನಾನೇ ತಡೀಲಿಲ್ಲ.”

“ಹಾಗಾದ್ರೆ... ನಾನು ಮಾತಾಡಿದ್ದು?”

“ಕೇಳಿಸ್ತು.”

“ನನ್ನ ಗಂಡನ ವಿಷಯ?”

“ಹೂಂ.”

“ನಿಮ್ಮ ಕಣ್ಣು... ಆ ಮಾತೂ?”

ಅವನ ಕಿವಿ ಕೆಂಪಾಯಿತು.

ಅವಳ ಮೈಯೆಲ್ಲ ಉರಿದುಹೋಯಿತು. ಹೆತ್ತ ಮಗಳಿಗೂ ಹೇಳದ್ದನ್ನು, ಯಾರೂ ಇಲ್ಲವೆಂದು, ಸತ್ತವಳೊಬ್ಬಳ ಮುಂದೆ ಬಿಚ್ಚಿಟ್ಟಿದ್ದಳು. ಅದನ್ನು ಈ ಗಂಡಸು ಕದ್ದು ಕೇಳಿದ್ದ!

“ಅಂಗಡಿಗೆ ಬಂದಾಗಲಾದ್ರೂ ಹೇಳ್ಬಹುದಿತ್ತಲ್ಲ!”

“ಹೇಳಿದ್ರೆ ನೀವು ಓಡಿಸೋದು ನಿಲ್ಲಿಸ್ತಿದ್ರಿ...”

“ಹೊರಗೆ ಹೋಗಿ!”

* * *

ಅವಳು ಗಾಡಿಯನ್ನು ಮನೆಯ ಅಂಗಳದಲ್ಲಿ ನಿಲ್ಲಿಸಿ, ಹಳೆಯ ಬಿಳಿ ಬೆಡ್‌ಶೀಟು ಮುಚ್ಚಿದಳು. ಬಸ್ಸಿನಲ್ಲಿ ಆಸ್ಪತ್ರೆಗೆ ಹೋದಳು, ಬಸ್ಸಿನಲ್ಲಿ ಬಂದಳು.

ಮೂರನೆಯ ದಿನ ನಡು ಮಧ್ಯಾಹ್ನದ ಬಿಸಿಲಿನಲ್ಲಿ ಬಟ್ಟೆ ಒಣಹಾಕಲು ಹೋದವಳು ಅಲ್ಲೇ ನಿಂತಳು.

ಬೆಡ್‌ಶೀಟು ಹಿಂದಿನ ಸೀಟಿನ ಮೇಲೆ ಸಪಾಟಾಗಿರಲಿಲ್ಲ. ಉಬ್ಬಿತ್ತು. ಎರಡು ಭುಜ. ಮುಂದಕ್ಕೆ ಬಾಗಿದ ತಲೆ. ಬಟ್ಟೆಯ ಕೆಳಗೆ ಯಾರೋ ಕೂತು, ಕಾಯುತ್ತಿದ್ದ ಹಾಗೆ...

ಮಗಳು ಅಂಗಳಕ್ಕೆ ಕಾಲಿಡುವುದನ್ನೇ ಬಿಟ್ಟಳು. ಅವಳು ಮಾತ್ರ ದಿನಾ ಕಿಟಕಿಯಿಂದ ನೋಡುತ್ತಿದ್ದಳು. ದಿನದಿಂದ ದಿನಕ್ಕೆ ಆ ಆಕಾರ ಕುಸಿಯುತ್ತಿತ್ತು. ಭುಜ ಕಿರಿದಾಯಿತು. ತಲೆ ಇನ್ನೂ ಬಾಗಿತು.

ಹನ್ನೆರಡನೆಯ ದಿನ ಕೊಡೆ ಹಿಡಿದು ಅವನ ಅಕ್ಕ ಬಂದಳು. ಕೂರಲಿಲ್ಲ.

“ಎಲ್ಲ ಹೇಳಿದಾನಮ್ಮ. ತಪ್ಪು ಅವನದೇ, ಇಲ್ಲ ಅನ್ನಲ್ಲ. ಆದ್ರೆ ನೀನು ಓಡಿಸಿದ್ರೆ ಅವನು ಸವೀತಿದ್ದ, ಓಡಿಸದೆ ಇದ್ರೆ ಒಣಗ್ತಿದಾನೆ. ಮೂರು ದಿನದಿಂದ ಮಾತಿಲ್ಲ. ಕರೆದ್ರೆ ತಿರುಗಲ್ಲ. ಗಾಡಿ ನಿಂತಿದ್ರೂ ಅವನ ಜೀವ ಅದರ ಮೇಲೇ ಕೂತಿದೆ.” ಅವಳು ಅಂಗಳದ ಗಾಡಿಯತ್ತ ನೋಡಿದಳು. “ನಾನು ನಗಿಸೋಕೆ ಎಷ್ಟು ನೋಡಿದೆ ಗೊತ್ತಾ...”

ಅಕ್ಕ ಹೋದ ಮೇಲೆ ಅವಳು ಅಂಗಳಕ್ಕೆ ಇಳಿದಳು. ಸಿಟ್ಟು ಇನ್ನೂ ಇತ್ತು. ಆದರೆ ಆ ಸಿಟ್ಟಿನ ಕೆಳಗೆ ಏನಿದೆ ಎಂದು ಹನ್ನೆರಡು ದಿನ ಬಸ್ಸಿನಲ್ಲಿ ಕೂತು ಅವಳಿಗೆ ಗೊತ್ತಾಗಿತ್ತು. ಯಾರೂ ಇಲ್ಲವೆಂದು ಹೇಳಿದ್ದನ್ನು ಒಬ್ಬ ಕೇಳಿಸಿಕೊಂಡಿದ್ದ. ಕೇಳಿಸಿಕೊಂಡೂ, ಪ್ರತಿ ತಿರುವಿನಲ್ಲೂ ಅವಳ ಜೊತೆಗೇ ವಾಲಿದ್ದ.

ಬಟ್ಟೆಯ ಮೇಲಿಂದಲೇ ಆ ಭುಜದ ಮೇಲೆ ಕೈ ಇಟ್ಟಳು. ಅದು ಹಕ್ಕಿಯ ಮೈಯಂತೆ ಕಂಪಿಸಿತು.

“ನಡೀರಿ,” ಎಂದಳು. “ನಿಮ್ಮನ್ನ ಮನೆಗೆ ಬಿಟ್ಟು ಬರ್ತೀನಿ.”

ಬೆಡ್‌ಶೀಟು ಎಳೆದಳು. ಕೆಳಗೆ ಏನೂ ಇರಲಿಲ್ಲ. ಆದರೆ ಕಿಕ್ಕರ್ ಒದ್ದಾಗ ಹಿಂದೆ ಹಗುರವಾಗಿ, ತೀರಾ ಹಗುರವಾಗಿ, ಸೀಟು ಕುಗ್ಗಿತು. ಸೈಕಲ್ಲಿನಲ್ಲಿ ಮೊಟ್ಟೆ ತರುವವರಂತೆ ನಿಧಾನವಾಗಿ ಓಡಿಸಿದಳು. ಒಂದು ಗುಂಡಿಗೂ ಇಳಿಸಲಿಲ್ಲ.

ಅಂಗಡಿಯ ಮುಂದೆ ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ. ಒಳಗೆ ಸ್ಟೂಲಿನ ಮೇಲೆ ಅವನು ಗೋಡೆಯಂತೆ ಕೂತಿದ್ದ. ಅಕ್ಕನೂ ಅವಳೂ ಎರಡು ಕಡೆ ತೋಳು ಹಿಡಿದು ಎಬ್ಬಿಸಿ, ಬಾಗಿಲವರೆಗೆ ತಂದರು. ಗಾಡಿ ಹತ್ತಿರವಾಗುತ್ತಿದ್ದಂತೆ ಅವನ ರೆಪ್ಪೆ ಅಲುಗಿತು. ಅವಳನ್ನು ಗುರುತಿಸಿದ.

“ಹತ್ತಿ,” ಎಂದಳು.

“ಭಯ ಆಗುತ್ತೆ...”

“ಇಷ್ಟು ದೂರ ನನ್ನ ಜೊತೆ ಬಂದಿದೀರಲ್ಲ. ಈಗ ಮೈನೂ ತಗೊಂಡು ಬನ್ನಿ.”

“ಮಂಡಿ ಬಗ್ಗಲ್ಲ.”

“ಕಾಲು ಚಾಚ್ಕೊಂಡೇ ಕೂರಿ. ಯಾರು ಬೇಡ ಅಂದ್ರು?”

ಅಕ್ಕ ಹಿಂದಿನಿಂದ ಎತ್ತಿ ಕೊಟ್ಟಳು. ಸೀಟಿಗೆ ತಾಕಿದೊಡನೆ ಅವನು ಅವಳ ಭುಜವನ್ನು ಗಟ್ಟಿಯಾಗಿ ಹಿಡಿದ. ಹಲ್ಲು ಕಟಕಟಿಸುತ್ತಿತ್ತು. “ಮೇಡಂ... ಇಲ್ಲಿ... ಯಾರೋ ಕೂತಿದಾರೆ.”

“ನೀವೇ ಅದು,” ಎಂದಳು ಮೆಲ್ಲಗೆ. “ಹೆದರ್ಬೇಡಿ. ಕೂತ್ಕೊಳ್ಳಿ.”

ಅವನು ಕಣ್ಣು ಮುಚ್ಚಿ ಭಾರ ಬಿಟ್ಟ. ಒಂದು ಕ್ಷಣ ಇಬ್ಬರು ಉಸಿರಾಡುವ ಸದ್ದು ಅವಳ ಬೆನ್ನ ಹಿಂದೆ ಕೇಳಿಸಿತು. ಒಂದಾದ ಮೇಲೊಂದು, ಹೊಂದದೆ. ಆಮೇಲೆ ಒಟ್ಟಿಗೆ. ಆಮೇಲೆ... ಒಬ್ಬನದೇ.

ಗಾಡಿಯ ಹಿಂಭಾಗ ಕಿರ್ರೆಂದು ಪೂರ್ತಿ ಕುಗ್ಗಿತು. ಭುಜದ ಮೇಲಿದ್ದ ಅಂಗೈಗಳು ಬಿಸಿಯಾದವು.

ಅಕ್ಕ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು, ನಗುತ್ತಿದ್ದಳು.

ಅವಳು ಗೇರು ಹಾಕಿದಳು. ಪೇಟೆ ದಾಟಿತು, ಆಸ್ಪತ್ರೆ ದಾಟಿತು, ನೀರಿನ ಮೇಲಿನ ತಂಗಾಳಿ ಬಂತು. ಕನ್ನಡಿಯಲ್ಲಿ ಮೊದಲ ಬಾರಿಗೆ ಒಂದು ಮುಖ ಕಂಡಿತು. ಒಣಗಿದ ಕೆನ್ನೆ, ಗಾಳಿಗೆ ಹಾರುವ ಬಿಳಿ ಕೂದಲು, ಆ ಕಣ್ಣುಗಳು!

ದಂಡೆಯ ನೇರ ರಸ್ತೆಗೆ ಬಂದ ಮೇಲೆ ಅವಳೇ ಕೇಳಿದಳು. “ನಾನು ಹೇಳಿದ್ದೆಲ್ಲ ನಿಮಗೆ ಕೇಳಿಸ್ತು. ನೀವೇನೂ ಹೇಳ್ಲಿಲ್ವಾ ಅಷ್ಟು ದಿನ?”

“ಹೇಳ್ತಾನೇ ಇದ್ದೆ. ನಿಮಗೆ ಕೇಳಿಸ್ತಿರ್ಲಿಲ್ಲ.”

“ಏನಂತ?”

“ಹೆಚ್ಚಿಗೆ ‘ನಿಧಾನ, ನಿಧಾನ’ ಅಂತ.”

ಅವಳು ಜೋರಾಗಿ ನಕ್ಕಳು. ಗಾಡಿ ಸ್ವಲ್ಪ ತೂರಾಡಿತು. ಅವನ ಹಿಡಿತ ಬಿಗಿಯಾಯಿತು.

“ಇನ್ನೇನು ಹೇಳಿದ್ರಿ?”

ಅವನು ಅವಳ ಕಿವಿಯ ಹತ್ತಿರಕ್ಕೆ ಬಾಗಿದ. “ನೀವು ನನ್ನ ಕಣ್ಣಿನ ಮಾತು ಹೇಳಿದ್ರಲ್ಲ, ಅವತ್ತು... ‘ನಂಗೂ ನೀವು ಬೇಕು’ ಅಂತ ಕೂಗಿ ಹೇಳಿದೆ. ಗಂಟಲು ಹರಿಯೋ ಹಾಗೆ.”

ಅವಳು ರಸ್ತೆ ಬದಿಗೆ ಗಾಡಿ ನಿಲ್ಲಿಸಿದಳು. ಹೆಲ್ಮೆಟ್ ತೆಗೆದಳು. ಹಿಂದೆ ತಿರುಗಲು ನಾಚಿಕೆಯಾಗಿ ನೀರನ್ನೇ ನೋಡುತ್ತ ಹೇಳಿದಳು.

“ಈಗ ಹೇಳಿ. ಕೂಗ್ಬೇಕಾಗಿಲ್ಲ. ಕೇಳಿಸುತ್ತೆ.”